ಮುಂದಿನ ಶಾಫ್ಟು ಕಿತ್ತವರು

1969ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಮಾಸ್‌ಪೋರ್ಟ್ ಟ್ರ್ಯಾಕಿನಲ್ಲಿ ನಡೆದ ಫಾರ್ಮುಲಾ ಒನ್ ರೇಸಿನಲ್ಲಿ ಫ್ರಾನ್ಸಿನ ಜಾನಿ ಸೆರ್ವೋ-ಗವಾಂ ಆರನೆಯವನಾಗಿ ಗುರಿ ಮುಟ್ಟಿದ. ಗೆದ್ದ ಜಾಕಿ ಇಕ್ಸ್‌ಗಿಂತ ಆರು ಸುತ್ತು ಹಿಂದೆ ಬಿದ್ದಿದ್ದವನನ್ನು ಯಾರೂ ಹೆಚ್ಚು ಗಮನಿಸಿರಲಿಕ್ಕಿಲ್ಲ. ಆದರೂ ಆರನೆಯ ಸ್ಥಾನಕ್ಕೆ ಆಗ ಒಂದು ಅಂಕ ಸಿಗುತ್ತಿತ್ತು. ಆ ಒಂದು ಅಂಕದಿಂದಾಗಿ ಅವನು ಓಡಿಸಿದ ಮಾತ್ರಾ ಎಂಎಸ್84 ದಾಖಲೆಗೆ ಸೇರಿತು: ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಂಕ ಗಳಿಸಿದ ಏಕೈಕ ಫೋರ್ ವೀಲ್ ಡ್ರೈವ್ ಕಾರು. ತಮಾಷೆ ಏನೆಂದರೆ, ಆ ದಿನ ಅದರ ಮುಂದಿನ ಚಕ್ರಗಳಿಗೆ ಎಂಜಿನ್ನಿನಿಂದ ಶಕ್ತಿಯೇ ಹೋಗುತ್ತಿರಲಿಲ್ಲ. ತಂಡದವರು ಅಷ್ಟು ಹೊತ್ತಿಗೆ ಮುಂದಿನ ಸಂಪರ್ಕವನ್ನು ತಪ್ಪಿಸಿಬಿಟ್ಟಿದ್ದರು. ನಾಲ್ಕು ಚಕ್ರದ ಕಾರೆಂದು ದಾಖಲೆ ಹೇಳುವ ಅದು ನಿಜದಲ್ಲಿ ಓಡಿದ್ದು ಬೇಡದ ಭಾರ ಹೊತ್ತ ಹಿಂಚಕ್ರದ ಕಾರಾಗಿ.

ಇವತ್ತು ಜಪಾನಿನಲ್ಲೋ ಅಮೆರಿಕದಲ್ಲೋ ಸ್ಕೈಲೈನ್ ಜಿಟಿ-ಆರ್, ಸುಬಾರು ಇಂಪ್ರೆಝಾ, ಪೋರ್ಶೆ ಟರ್ಬೋದಂಥ ಕಾರು ಕೊಂಡವರು ಅದನ್ನು ಲಿಫ್ಟಿಗೆ ಏರಿಸಿ, ಮುಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿ ಮೂಲೆಗಿಟ್ಟು, ಹಿಂದಿನ ಎರಡೇ ಚಕ್ರಗಳ ಬಲದಲ್ಲಿ ಟ್ರ್ಯಾಕಿಗೆ ಇಳಿಯುವುದುಂಟು. ನೋಡಿದವರಿಗೆ ದುಡ್ಡು ಕೊಟ್ಟು ಕೊಂಡದ್ದನ್ನು ಕಿತ್ತೆಸೆಯುವ ಹುಚ್ಚಾಟ ಅನ್ನಿಸಬೇಕು. ಆದರೆ ಇದು ಪಡ್ಡೆ ಹುಡುಗರು ಕಂಡುಹಿಡಿದ ಚಟವಲ್ಲ. ಇವರಿಗಿಂತ ಬಹಳ ಮೊದಲೇ ದೊಡ್ಡ ದೊಡ್ಡ ಕಾರ್ಖಾನೆಗಳೇ ತಮ್ಮ ಹೆಮ್ಮೆಯ ಕಾರುಗಳ ಮುಂದಿನ ಶಾಫ್ಟು ಕಿತ್ತಿವೆ. ಬಹಳ ಸಲ ಹಾಗೆ ಮಾಡಿಸಿದ್ದು ರೇಸಿನ ನಿಯಮ ಪುಸ್ತಕ. ಹಿಂಚಕ್ರದ ಕಾರಿನ ರುಚಿ, ಸ್ಟೀರಿಂಗಿನ ಶುದ್ಧತೆ ಎಂಬ ಮಾತೆಲ್ಲ ಹೆಚ್ಚಿನ ಪಾಲು ಆಮೇಲೆ ಬಂದದ್ದು.

ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವುದೆಂದರೇನು ಎಂಬುದನ್ನು ಮಲೆನಾಡಿನ ಕಾಫಿ ತೋಟದ ಜೀಪು ಡ್ರೈವರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಮಹೀಂದ್ರ ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರು ಇರುತ್ತದೆ. ಕೆಸರಿನ ಏರು ಬಂದಾಗ ಅದನ್ನು ಎಳೆದರೆ ಮುಂದಿನ ಆಕ್ಸೆಲ್ಲೂ ಎಳೆಯತೊಡಗುತ್ತದೆ. ಡಾಂಬರು ರಸ್ತೆಗೆ ಬಂದ ಮೇಲೂ ಲಿವರು ಹಾಗೇ ಬಿಟ್ಟರೆ ತಿರುವಿನಲ್ಲಿ ಜೀಪು ಮೊಂಡು ಹಿಡಿಯುತ್ತದೆ, ಸ್ಟೀರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ದಾರಿ ಕ್ರಮಿಸಬೇಕು. ಎರಡೂ ಆಕ್ಸೆಲ್ಲುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ್ದರೆ ಅದಕ್ಕೆ ಅವಕಾಶವಿಲ್ಲ. ಡಾಂಬರಿನ ಮೇಲೆ ಓಡುವ ಕಾರಿಗೆ ಈ ವ್ಯತ್ಯಾಸವನ್ನು ನುಂಗಿಕೊಳ್ಳಲು ನಡುವೆ ಒಂದು ಡಿಫರೆನ್ಷಿಯಲ್ಲೋ ಜಾರುವ ಕ್ಲಚ್ಚೋ ಬೇಕಾಗುತ್ತದೆ. ಅದರ ಜತೆಗೆ ಮುಂದೊಂದು ಡಿಫರೆನ್ಷಿಯಲ್, ಅದಕ್ಕೊಂದು ಶಾಫ್ಟು, ಎರಡು ಕಡೆಗೂ ಆಕ್ಸೆಲ್ ಶಾಫ್ಟು. ಭಾರ ಸೇರುತ್ತ ಹೋಗುವುದು ಹೀಗೆ.

ಆ ನಡುವಿನ ಡಿಫರೆನ್ಷಿಯಲ್ಲನ್ನು ರೇಸ್ ಕಾರಿಗೆ ತಂದವರಲ್ಲಿ ಮುಖ್ಯನಾದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ನಮ್ಮ ರೈತರಿಗೆ ಈ ಹೆಸರು ಹೊಸದಲ್ಲ. ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಎರಡನೆಯ ಅರ್ಧ ಇವನದೇ, ಆ ಟ್ರ್ಯಾಕ್ಟರು ತಯಾರಿಸುವ ಟಾಫೆ ಕಂಪನಿಯ ಕಾರ್ಖಾನೆಯೊಂದು ದೊಡ್ಡಬಳ್ಳಾಪುರದಲ್ಲಿದೆ. ಫರ್ಗುಸನ್ ತನ್ನ ಕೊನೆಗಾಲದಲ್ಲಿ, ಸಾಮಾನ್ಯ ಕಾರಿಗೂ ನಾಲ್ಕು ಚಕ್ರದ ಶಕ್ತಿ ಇದ್ದರೆ ರಸ್ತೆ ಅಪಘಾತ ಕಡಿಮೆಯಾದೀತು ಎಂದು ನಂಬಿದ್ದ. ಅದನ್ನು ಸಾಬೀತು ಮಾಡಲು ಅವನ ಸಂಸ್ಥೆ ಪಿ99 ಎಂಬ ರೇಸ್ ಕಾರು ಕಟ್ಟಿತು. 1961ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಟ್ರ್ಯಾಕು ಒದ್ದೆಯಾಗಿದ್ದ ದಿನ ಸ್ಟರ್ಲಿಂಗ್ ಮಾಸ್ ಆ ಕಾರಿನಲ್ಲಿ ಗೋಲ್ಡ್ ಕಪ್ ಗೆದ್ದ. ಚಾಂಪಿಯನ್‌ಶಿಪ್‌ಗೆ ಲೆಕ್ಕಕ್ಕಿಲ್ಲದ ಪಂದ್ಯ ಅದು. ಆದರೂ ಫೋರ್ ವೀಲ್ ಡ್ರೈವ್ ಕಾರು ಫಾರ್ಮುಲಾ ಒನ್ ರೇಸೊಂದನ್ನು ಗೆದ್ದದ್ದು ಅದೊಂದೇ ಸಲ. ಫರ್ಗುಸನ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ.

1969ರ ಹೊತ್ತಿಗೆ ಎಂಜಿನ್ನುಗಳ ಶಕ್ತಿ ಹೆಚ್ಚಿ ಹಿಂದಿನ ಟೈರುಗಳು ತಡೆಯಲಾರದೆ ಸುಮ್ಮನೆ ತಿರುಗತೊಡಗಿದ್ದವು. ಲೋಟಸ್, ಮೆಕ್ಲಾರೆನ್, ಮಾತ್ರಾ ಮೂರೂ ತಂಡಗಳು ಒಂದೇ ವರ್ಷ ನಾಲ್ಕು ಚಕ್ರದ ಕಾರು ಕಟ್ಟಿದವು. ಎಂಜಿನ್ನು ಒದಗಿಸುತ್ತಿದ್ದ ಕಾಸ್ವರ್ಥ್ ಕಂಪನಿಯೂ ಒಂದನ್ನು ಕಟ್ಟಿ ರೇಸಿಗಿಳಿಸದೆ ಬಿಟ್ಟಿತು. ಚಾಲಕರಿಗೆ ಇವು ಯಾವುವೂ ಹಿಡಿಸಲಿಲ್ಲ. ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಮೂತಿ ತಿರುಗದೆ ನೇರ ಹೊರಗೆ ಎಳೆಯುತ್ತಿತ್ತು. ಲೋಟಸ್ 63 ಎಂದರೆ ಗ್ರಹಾಂ ಹಿಲ್, ಯೋಖೆನ್ ರಿಂಟ್ ಇಬ್ಬರೂ ಮುಖ ಸಿಂಡರಿಸುತ್ತಿದ್ದರು. ಕೊನೆಗೆ ಅದನ್ನು ಹೆಚ್ಚಾಗಿ ಓಡಿಸಿದ್ದು ಹೊಸಬನಾದ ಜಾನ್ ಮೈಲ್ಸ್. ಅಷ್ಟರಲ್ಲಿ ಕಾರುಗಳಿಗೆ ರೆಕ್ಕೆ ಬಂದಿತ್ತು, ಟೈರುಗಳು ಅಗಲವಾಗಿದ್ದವು. ಗಾಳಿಯೇ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವಾಗ ಮುಂದಿನ ಚಕ್ರಗಳ ನೆರವು ಯಾಕೆ? ಅದೇ ವರ್ಷ ಮಾತ್ರಾದ್ದೇ ಹಿಂಚಕ್ರದ ಎಂಎಸ್80 ಕಾರಿನಲ್ಲಿ ಜಾಕಿ ಸ್ಟೀವರ್ಟ್ ವಿಶ್ವ ಚಾಂಪಿಯನ್ ಆದ.

ಇಲ್ಲಿ ನಿಯಮದ ಕೈವಾಡ ಇರಲಿಲ್ಲ ಎಂಬುದನ್ನು ಒಪ್ಪಬೇಕು. ಮಾತ್ರಾದ ಮುಂದಿನ ಸಂಪರ್ಕ ತಪ್ಪಿಸಿದ್ದು ಪೂರ್ತಿ ಎಂಜಿನಿಯರಿಂಗ್ ಕಾರಣಕ್ಕೆ. ಇಡೀ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ.

ಇದಾದ ಮೇಲೆ ಕತೆಗೆ ಬರುವುದು ಆಡಿ. 1980ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಆಡಿ ಕ್ವಾಟ್ರೋ ರ‍್ಯಾಲಿ ಲೋಕವನ್ನು ತಲೆಕೆಳಗು ಮಾಡಿತು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮಣ್ಣು, ಮಂಜಿನ ಮೇಲೆ ಅದು ಗೆದ್ದಾಗ ಆಶ್ಚರ್ಯವೇನಿರಲಿಲ್ಲ. ಡಾಂಬರಿನ ಟ್ರ್ಯಾಕಿನಲ್ಲೂ ಗೆಲ್ಲತೊಡಗಿದಾಗಲೇ ಇತರರಿಗೆ ಇರಿಸುಮುರಿಸಾಗಿದ್ದು. 1988ರಲ್ಲಿ ಅಮೆರಿಕದ ಟ್ರಾನ್ಸ್-ಆಮ್ ಸರಣಿಗೆ ಆಡಿ 200 ಕ್ವಾಟ್ರೋ ಹೋಯಿತು. ದೊಡ್ಡ ವಿ8 ಎಂಜಿನ್ನಿನ ಅಮೆರಿಕನ್ ಕಾರುಗಳ ನಡುವೆ ಐದು ಸಿಲಿಂಡರಿನ ಈ ಜರ್ಮನ್ ಸೆಡಾನು 13ರಲ್ಲಿ 8 ರೇಸು ಗೆದ್ದಿತು, ಹರ್ಲಿ ಹೇವುಡ್ ಚಾಂಪಿಯನ್ ಆದ. ಮರುವರ್ಷಕ್ಕೆ ನಿಯಮ ಬದಲಾಯಿತು, ನಾಲ್ಕು ಚಕ್ರದ ಕಾರುಗಳಿಗೆ ಬಾಗಿಲು ಮುಚ್ಚಿತು. ಆಡಿ ಇಮ್ಸಾ ಸರಣಿಗೆ ಹೋಯಿತು, ಅಲ್ಲೂ ಗೆದ್ದಿತು. ಆಮೇಲೆ ತಾಯ್ನಾಡಿನ ಡಿಟಿಎಂ ಸರಣಿ; 1990ರಲ್ಲಿ ಹಾನ್ಸ್ ಸ್ಟುಕ್, 1991ರಲ್ಲಿ ಫ್ರಾಂಕ್ ಬೀಲಾ ಆಡಿ ವಿ8 ಕ್ವಾಟ್ರೋದಲ್ಲಿ ಪ್ರಶಸ್ತಿ ಹೊಡೆದರು. 1996ರಲ್ಲಂತೂ ಎ4 ಕ್ವಾಟ್ರೋ ಏಳು ದೇಶಗಳ ಟೂರಿಂಗ್ ಕಾರ್ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಮೊದಲು ಹೆಚ್ಚುವರಿ ತೂಕ ಹೇರಿ ನೋಡಿದರು. 1998ರ ವೇಳೆಗೆ ಯುರೋಪಿನ ಆ ದರ್ಜೆಯಲ್ಲಿ ನಾಲ್ಕು ಚಕ್ರದ ಚಾಲನೆಯನ್ನೇ ನಿಷೇಧಿಸಿದರು. ಗೆದ್ದವನ ಕಾಲಿಗೆ ಗುಂಡು ಕಟ್ಟುವುದು ಮೋಟಾರು ಪಂದ್ಯಗಳ ಹಳೆಯ ಸಂಪ್ರದಾಯ.

ಆದರೆ ಆಡಿ ಈ ಪಂದ್ಯಗಳಲ್ಲಿ ತನ್ನ ಕಾರನ್ನು ಕಡಿದು ಹಿಂಚಕ್ರಕ್ಕೆ ಇಳಿಸಲಿಲ್ಲ. ಅದರ ಸೆಡಾನುಗಳ ತಳಹದಿಯೇ ಮುಂಚಕ್ರದ್ದು; ಕ್ವಾಟ್ರೋ ಕಿತ್ತರೆ ಉಳಿಯುವುದು ಮುಂದಿನ ಎರಡು ಚಕ್ರ. ಹಿಂಚಕ್ರಕ್ಕೆ ಇಳಿಯಬಲ್ಲ ಕಾರು ಜಪಾನಿನಲ್ಲಿತ್ತು.

1989ರಲ್ಲಿ ನಿಸ್ಸಾನ್ ಬಿಡುಗಡೆ ಮಾಡಿದ ಸ್ಕೈಲೈನ್ ಜಿಟಿ-ಆರ್, ಒಳಗಿನವರ ಭಾಷೆಯಲ್ಲಿ ಆರ್32, ಗ್ರೂಪ್ ಎ ಎಂಬ ಟೂರಿಂಗ್ ಕಾರ್ ದರ್ಜೆಯನ್ನು ಗೆಲ್ಲಲೆಂದೇ ಹುಟ್ಟಿದ್ದು. 2.6 ಲೀಟರಿನ, ಎರಡು ಟರ್ಬೋ ಇರುವ ಆರ್‌ಬಿ26 ಎಂಜಿನ್ನು. ಅದಕ್ಕೆ ತಕ್ಕ ಅಟೆಸಾ ಇ-ಟಿಎಸ್ ಎಂಬ ಚಾಲನಾ ವ್ಯವಸ್ಥೆ. ಇದರ ಕೆಲಸ ತಿಳಿದರೆ ಮುಂದಿನ ಕತೆಯೆಲ್ಲ ಸಲೀಸು. ಜಿಟಿ-ಆರ್ ಹುಟ್ಟಿನಲ್ಲಿ ಹಿಂಚಕ್ರದ ಕಾರೇ. ಗೇರ್‌ಬಾಕ್ಸಿನ ಹಿಂಬದಿಗೆ ಟ್ರಾನ್ಸ್‌ಫರ್ ಕೇಸು, ಅದರೊಳಗೆ ಎಣ್ಣೆಯಲ್ಲಿ ಮುಳುಗಿದ ಹಲವು ಬಿಲ್ಲೆಗಳ ಕ್ಲಚ್ಚು. ಸಾಧಾರಣ ಓಟದಲ್ಲಿ ಕ್ಲಚ್ಚು ಸಡಿಲ, ಶಕ್ತಿಯೆಲ್ಲ ಹಿಂದಕ್ಕೆ. ಹಿಂದಿನ ಚಕ್ರಗಳು ಜಾರುವುದನ್ನೂ ಕಾರು ಓಲುವುದನ್ನೂ ಸೆನ್ಸರುಗಳು ಗಮನಿಸುತ್ತವೆ. ಕಂಪ್ಯೂಟರು ಹೈಡ್ರಾಲಿಕ್ ಒತ್ತಡ ಕಳಿಸಿ ಕ್ಲಚ್ಚನ್ನು ಬಿಗಿಯುತ್ತದೆ. ಶಕ್ತಿಯ ಅರ್ಧದವರೆಗೂ ಮುಂದಕ್ಕೆ ಹರಿಯುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಒಂದು ಸಣ್ಣ ಪ್ರೊಪೆಲ್ಲರ್ ಶಾಫ್ಟು ಗೇರ್‌ಬಾಕ್ಸಿನ ಪಕ್ಕದಲ್ಲೇ ಮುಂದೆ ಹೋಗಿ, ಎಂಜಿನ್ನಿನ ಆಯಿಲ್ ಚೇಂಬರಿಗೆ ಅಂಟಿಕೊಂಡ ಡಿಫರೆನ್ಷಿಯಲ್ಲಿಗೆ ಸೇರುತ್ತದೆ. ಒಂದು ಕಡೆಯ ಆಕ್ಸೆಲ್ ಶಾಫ್ಟು ಚೇಂಬರನ್ನೇ ತೂರಿಕೊಂಡು ಆಚೆ ಬರುತ್ತದೆ. ಬಿಚ್ಚಿ ನೋಡಿದ ಮೆಕ್ಯಾನಿಕ್ಕುಗಳು ಇದನ್ನು ಕೊಂಡಾಡುವುದೂ ಉಂಟು, ಶಪಿಸುವುದೂ ಉಂಟು.

ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 1990ರಿಂದ 1993ರವರೆಗೆ 29 ರೇಸು ನಡೆದವು. ಇಪ್ಪತ್ತೊಂಬತ್ತನ್ನೂ ಜಿಟಿ-ಆರ್ ಗೆದ್ದಿತು. ಆಸ್ಟ್ರೇಲಿಯಾದ 'ವೀಲ್ಸ್' ಪತ್ರಿಕೆ ಅದಕ್ಕೆ ಗಾಡ್ಜಿಲಾ ಎಂಬ ಅಡ್ಡಹೆಸರಿಟ್ಟಿತ್ತು. ಆ ದೇಶದ ದೊಡ್ಡ ಪಂದ್ಯ ಬಾಥರ್ಸ್ಟ್ 1000. ಅಲ್ಲಿನ ಜನ ಫೋರ್ಡ್ ಮತ್ತು ಹೋಲ್ಡನ್ ಎಂದು ಎರಡು ಪಕ್ಷವಾಗಿ, ನಮ್ಮಲ್ಲಿ ಚುನಾವಣೆಗೆ ಹೊಡೆದಾಡುವಷ್ಟೇ ಹುರುಪಿನಿಂದ ಕೂಗಾಡುತ್ತಿದ್ದವರು. 1991ರಲ್ಲಿ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಜೋಡಿ ಜಿಟಿ-ಆರ್‌ನಲ್ಲಿ ಗೆದ್ದಿತು. 1992ಕ್ಕೆ ಕಾರಿನ ಮೇಲೆ ತೂಕ ಹೇರಿ, ಟರ್ಬೋದ ಒತ್ತಡಕ್ಕೂ ಮಿತಿ ಹಾಕಿದರು. ಮತ್ತೆ ಅದೇ ಜೋಡಿ ಮುಂದಿತ್ತು. ಕೊನೆಯ ಘಟ್ಟದಲ್ಲಿ ಜೋರು ಮಳೆ ಬಂದು ಕಾರುಗಳು ಒಂದರ ಮೇಲೊಂದು ಜಾರಿ ಗುದ್ದಿದವು, ರಿಚರ್ಡ್ಸ್‌ನ ಕಾರೂ ಜಖಂಗೊಂಡಿತು. ಪಂದ್ಯ ನಿಲ್ಲಿಸಿ, ಹಿಂದಿನ ಸುತ್ತುಗಳ ಲೆಕ್ಕ ಹಿಡಿದು ಅವರನ್ನೇ ವಿಜೇತರೆಂದು ಸಾರಿದರು. ಗೋಡೆಗೆ ಗುದ್ದಿದ ಕಾರಿಗೆ ಪ್ರಶಸ್ತಿಯೇ ಎಂದು ಕೆರಳಿದ ಜನ ವೇದಿಕೆಯತ್ತ ಕೂಗಾಡಿದರು. ಅದೇ ದಿನ ಪಂದ್ಯದ ನಡುವೆ ಹಳೆಯ ವಿಶ್ವ ಚಾಂಪಿಯನ್ ಡೆನ್ನಿ ಹ್ಯೂಮ್ ಹೃದಯಾಘಾತದಿಂದ ತೀರಿಕೊಂಡಿದ್ದ. ರಿಚರ್ಡ್ಸ್‌ಗೆ ಅವನು ಹತ್ತಿರದ ಗೆಳೆಯ. ತಾಳ್ಮೆ ಕಳೆದುಕೊಂಡ ರಿಚರ್ಡ್ಸ್ ಮೈಕಿನಲ್ಲೇ ಜನರನ್ನು ಬೈದ. 1993ರಿಂದ ಆಸ್ಟ್ರೇಲಿಯಾದಲ್ಲಿ ಫೋರ್ಡ್, ಹೋಲ್ಡನ್‌ಗಳ ಐದು ಲೀಟರ್ ವಿ8 ಸೆಡಾನುಗಳ ಹೊಸ ಯುಗ ಶುರುವಾಯಿತು. ಅದರಲ್ಲಿ ಗಾಡ್ಜಿಲಾಕ್ಕೆ ಜಾಗವಿರಲಿಲ್ಲ.

ಇಷ್ಟು ಕೀರ್ತಿ ತಂದ ವ್ಯವಸ್ಥೆಯನ್ನು ನಿಸ್ಸಾನ್ ಸ್ವತಃ ಕಿತ್ತದ್ದು ಇದಾಗಿ ಎರಡೇ ವರ್ಷಕ್ಕೆ. 1995ರ ಲೆ ಮಾನ್ಸ್ 24 ಗಂಟೆಯ ಪಂದ್ಯಕ್ಕೆ ಅದರ ರೇಸಿಂಗ್ ಅಂಗಸಂಸ್ಥೆ ನಿಸ್ಮೋ ಹೊಸ ಆರ್33 ಜಿಟಿ-ಆರ್ ಆಧರಿಸಿ ಎರಡು ಕಾರು ಸಿದ್ಧಪಡಿಸಿತು. ಮುಂದಿನ ಚಾಲನೆ ತೆಗೆದು, ಮುಂದಿನ ಸಸ್ಪೆನ್ಷನ್ ಹೊಸದಾಗಿ ರೂಪಿಸಿ, ಬಾಡಿಯನ್ನು ಅಗಲ ಮಾಡಿ, ಜಿಟಿ-ಆರ್ ಎಲ್‌ಎಂ ಎಂದು ಹೆಸರಿಟ್ಟರು. ಜಿಟಿ1 ದರ್ಜೆಗೆ ಅರ್ಹತೆ ಪಡೆಯಲು ರಸ್ತೆಗಿಳಿಯಬಲ್ಲ ಕಾರು ಇರಲೇಬೇಕೆಂಬ ನಿಯಮಕ್ಕಾಗಿ ಹಿಂಚಕ್ರದ ಒಂದೇ ಒಂದು ರಸ್ತೆ ಕಾರನ್ನೂ ಕಟ್ಟಿದರು. ಅದು ಇವತ್ತಿಗೂ ಝಾಮಾದ ನಿಸ್ಸಾನ್ ಸಂಗ್ರಹದಲ್ಲಿದೆ. ನೆಲ ಒದ್ದೆಯಾದಾಗಲೇ ನಾಲ್ಕು ಚಕ್ರದ ಮಹಿಮೆ ತಿಳಿಯುವುದಷ್ಟೆ. ಆ ವರ್ಷ ಲೆ ಮಾನ್ಸ್‌ನಲ್ಲಿ ಪಂದ್ಯದ ಬಹುಪಾಲು ಹೊತ್ತು ಮಳೆ. ಒಂದು ಕಾರು ಗೇರ್‌ಬಾಕ್ಸ್ ಕೆಟ್ಟು ನಿಂತಿತು. ಇನ್ನೊಂದು ಒಟ್ಟಾರೆ ಹತ್ತನೆಯದಾಗಿ, ತನ್ನ ದರ್ಜೆಯಲ್ಲಿ ಐದನೆಯದಾಗಿ ಬಂತು. ಚಾಲಕರಲ್ಲಿ ಒಬ್ಬ ಮಸಾಹಿಕೊ ಕೊಂಡೊ, ಜಪಾನಿನ ಜನಪ್ರಿಯ ಪಾಪ್ ಗಾಯಕ. ಆ ಮಳೆಯಲ್ಲಿ ಮುಂದಿನ ಶಾಫ್ಟು ಇದ್ದಿದ್ದರೆ ಏನಾಗುತ್ತಿತ್ತು ಎಂದು ಜಿಟಿ-ಆರ್ ಅಭಿಮಾನಿಗಳು ಇವತ್ತಿಗೂ ವಾದಿಸುತ್ತಾರೆ. ಇಪ್ಪತ್ತನಾಲ್ಕು ಗಂಟೆ ಆ ಭಾರ ಹೊರಬೇಕು, ಆ ಘರ್ಷಣೆಗೂ ಪೆಟ್ರೋಲು ಸುಡಬೇಕು, ಕೆಡಬಹುದಾದ ಬಿಡಿಭಾಗಗಳ ಪಟ್ಟಿಯೂ ಉದ್ದವಾಗುತ್ತದೆ. ನಿಸ್ಮೋದ ಲೆಕ್ಕ ತಪ್ಪೆಂದು ಹೇಳುವುದು ಕಷ್ಟ.

ತವರಿನ ಜೆಜಿಟಿಸಿ ಸರಣಿಯಲ್ಲೂ ಜಿಟಿ-ಆರ್‌ಗಳು ಹಿಂಚಕ್ರದಲ್ಲೇ ಓಡಿದವು. 2007ರ ಕೊನೆಗೆ ಬಂದ ಹೊಸ ಆರ್35 ಷೋರೂಮಿನಲ್ಲಿ ನಾಲ್ಕು ಚಕ್ರದ ಜಂಬ ಕೊಚ್ಚಿಕೊಳ್ಳುತ್ತಿದ್ದರೆ, ಸೂಪರ್ ಜಿಟಿ, ಜಿಟಿ1, ಜಿಟಿ3 ಮೂರರಲ್ಲೂ ಅದರ ರೇಸಿಂಗ್ ರೂಪಕ್ಕೆ ಹಿಂದಿನ ಎರಡೇ ಚಕ್ರ. 2011ರಲ್ಲಿ ಮಿಖಾಯೆಲ್ ಕ್ರುಮ್ ಮತ್ತು ಲೂಕಾಸ್ ಲೂರ್ ಜಿಟಿ1 ವಿಶ್ವ ಚಾಂಪಿಯನ್ ಆದದ್ದು ಅಂಥ ಜಿಟಿ-ಆರ್‌ನಲ್ಲಿ.

ಪೋರ್ಶೆ ಇದನ್ನೇ ಹೆಚ್ಚು ಗದ್ದಲವಿಲ್ಲದೆ, ಹೆಚ್ಚು ಲಾಭಕರವಾಗಿ ಮಾಡಿತು. 1995ರಲ್ಲಿ ಬಂದ 993 ಮಾದರಿಯ 911 ಟರ್ಬೋಗೆ ಎರಡು ಟರ್ಬೋ, 408 ಅಶ್ವಶಕ್ತಿ, ನಾಲ್ಕು ಚಕ್ರದ ಚಾಲನೆ, 1,500 ಕೆಜಿ ತೂಕ. ಅದೇ ವರ್ಷ ಯುರೋಪಿನ ಬಿಪಿಆರ್ ರೇಸ್ ಸರಣಿಗಾಗಿ ಅದೇ ಕಾರಿನಿಂದ 911 ಜಿಟಿ2 ಹೊರಟಿತು: 430 ಅಶ್ವಶಕ್ತಿ, ತೂಕ ಸುಮಾರು 200 ಕೆಜಿ ಕಡಿಮೆ, ಮುಂದಿನ ಚಾಲನೆ ಇಲ್ಲ, ಹಿಂದಿನ ಸೀಟಿಲ್ಲ, ಚಕ್ರಗಳ ಮೇಲೆ ಬೋಲ್ಟು ಹಾಕಿ ಕೂರಿಸಿದ ಪ್ಲಾಸ್ಟಿಕ್ ಮಡ್‌ಗಾರ್ಡು. ಎಂಜಿನ್ನು ಹಿಂದಿನ ಆಕ್ಸೆಲ್ಲಿಗೂ ಆಚೆ ನೇತಾಡುವ ಕಾರಿನಲ್ಲಿ ಟರ್ಬೋ ಒಮ್ಮೆಲೆ ಒದೆಯುವುದೆಂದರೆ ಒದ್ದೆ ರಸ್ತೆಯಲ್ಲಿ ತಮಾಷೆಯ ಮಾತಲ್ಲ. ಕಾರಿಗೆ 'ವಿಧವೆಯರನ್ನು ಹುಟ್ಟಿಸುವ ಕಾರು' ಎಂಬ ಕೆಟ್ಟ ಅಡ್ಡಹೆಸರು ಅಂಟಿಕೊಂಡಿತು. ಅಂಥ ಹೆಸರು ವ್ಯಾಪಾರಕ್ಕೆ ತೊಡಕಾಗುತ್ತದೆ ಎಂದುಕೊಂಡರೆ ತಪ್ಪು. ಜಿಟಿ2 ಎಂಬುದು ಪೋರ್ಶೆಯಲ್ಲಿ ಒಂದು ವಂಶವೇ ಆಯಿತು. 2017ರ ಜಿಟಿ2 ಆರ್‌ಎಸ್‌ಗೆ 700 ಅಶ್ವಶಕ್ತಿ. ಅಷ್ಟನ್ನೂ ಹಿಂದಿನ ಎರಡು ಟೈರುಗಳ ಮೇಲೆ ಹೊತ್ತು ಅದು ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕನ್ನು 6 ನಿಮಿಷ 47.3 ಸೆಕೆಂಡಿನಲ್ಲಿ ಸುತ್ತಿತು. ಟರ್ಬೋಗಿಂತ ಕಡಿಮೆ ಸಾಮಾನು, ಟರ್ಬೋಗಿಂತ ಹೆಚ್ಚು ಬೆಲೆ.

ಬಿಪಿಆರ್ ಎಂಬುದು ಮೂವರ ಹೆಸರಿನ ಮೊದಲಕ್ಷರ: ಬಾರ್ತ್, ಪೀಟರ್, ರಾಟೆಲ್. ಈ ಕೊನೆಯವನು, ಸ್ಟೆಫಾನ್ ರಾಟೆಲ್, 2006ರಲ್ಲಿ ಜಿಟಿ3 ದರ್ಜೆಯನ್ನು ಹುಟ್ಟುಹಾಕಿದ. ಬೇರೆ ಬೇರೆ ಕಂಪನಿಯ ಕಾರುಗಳನ್ನು ತೂಕ ಮತ್ತು ಶಕ್ತಿ ಹೊಂದಿಸಿ ಸರಿಸಮ ಮಾಡಿ ಓಡಿಸುವುದು ಅದರ ಸೂತ್ರ. ಮಳೆ ಬಂದರೆ ಒಂದೆರಡು ಕಾರಿಗೆ ಮಾತ್ರ ಅನುಕೂಲವಾಗುವ ನಾಲ್ಕು ಚಕ್ರದ ಚಾಲನೆ ಆ ಸಮತೂಕವನ್ನೇ ಕೆಡಿಸುತ್ತದೆ; ಅದಕ್ಕೆ ಅಲ್ಲಿ ಪ್ರವೇಶವಿಲ್ಲ. ಷೋರೂಮಿನಲ್ಲಿ ನಾಲ್ಕು ಚಕ್ರವನ್ನೇ ಹೆಮ್ಮೆಯಿಂದ ಮಾರುತ್ತಿದ್ದವರಿಗೆ ದಾರಿ ಒಂದೇ ಉಳಿಯಿತು.

ಲ್ಯಾಂಬೋರ್ಗಿನಿಯನ್ನೇ ನೋಡಿ. ಫರ್ಗುಸನ್‌ನ ಹಾಗೆ ಇದರ ಸ್ಥಾಪಕ ಫೆರುಚ್ಚೊ ಲ್ಯಾಂಬೋರ್ಗಿನಿಯೂ ಟ್ರ್ಯಾಕ್ಟರಿನಿಂದ ದುಡ್ಡು ಮಾಡಿದವನು. ಅವನ ಕಾಲದ ಕಾರುಗಳೆಲ್ಲ ಹಿಂಚಕ್ರದವು. 1993ರ ಡಿಯಾಬ್ಲೊ ವಿಟಿಯಿಂದ ನಾಲ್ಕು ಚಕ್ರ ಬಂತು. 1998ರಲ್ಲಿ ಕಂಪನಿ ಆಡಿಯ ಕೈಗೆ ಹೋದ ಮೇಲೆ ಅದೇ ಧರ್ಮವಾಯಿತು. 2003ರ ಗಲ್ಲಾರ್ಡೊ ಹುಟ್ಟಿದ್ದೇ ನಾಲ್ಕು ಚಕ್ರದಲ್ಲಿ. ಅದನ್ನು ಜಿಟಿ3ಗೆಂದು ಹಿಂಚಕ್ರಕ್ಕೆ ಇಳಿಸಿದ್ದು ಜರ್ಮನಿಯ ರೈಟರ್ ಎಂಜಿನಿಯರಿಂಗ್ ಎಂಬ ಸಂಸ್ಥೆ. ಕೆಲಸ ಅಷ್ಟೇನೂ ಕಷ್ಟದ್ದಲ್ಲ: ಎಂಜಿನ್ನು ನಡುವೆ, ಗೇರ್‌ಬಾಕ್ಸು ಹಿಂದೆ, ಅಲ್ಲಿಂದ ಉದ್ದನೆಯ ಶಾಫ್ಟೊಂದು ಮುಂದಿನ ಡಿಫರೆನ್ಷಿಯಲ್ಲಿಗೆ. ಮುಂದಿನದ್ದನ್ನು ತೆಗೆದರೆ ಹಿಂದಿನದ್ದು ಹಾಗೇ ಇರುತ್ತದೆ.

ರೇಸಿನಲ್ಲಿ ಆದದ್ದು ಷೋರೂಮಿಗೆ ಬರಲು ಒಬ್ಬ ಮನುಷ್ಯ ನೆಪವಾದ. ವಾಲೆಂಟಿನೊ ಬಾಲ್ಬೋನಿ 1968ರಲ್ಲಿ ಲ್ಯಾಂಬೋರ್ಗಿನಿಗೆ ಕೆಲಸ ಕಲಿಯುವ ಮೆಕ್ಯಾನಿಕ್ಕಾಗಿ ಸೇರಿದ ಹಳ್ಳಿ ಹುಡುಗ. ಆಮೇಲೆ ಟೆಸ್ಟ್ ಡ್ರೈವರಾಗಿ, ಕಾರ್ಖಾನೆಯಿರುವ ಸಾಂತಾಗಾತ ಊರಿನ ಸುತ್ತಲಿನ ರಸ್ತೆಗಳಲ್ಲಿ ದಶಕಗಟ್ಟಲೆ ಹೊಸ ಕಾರುಗಳನ್ನು ಓಡಿಸಿ ನೋಡುವುದೇ ಅವನ ನೌಕರಿ. ಅವನು ನಿವೃತ್ತನಾದಾಗ ಗೌರವಾರ್ಥ 2009ರಲ್ಲಿ ಅವನಿಗೆ ಇಷ್ಟವಾದ ಹಿಂಚಕ್ರದ ಗಲ್ಲಾರ್ಡೊ, ಎಲ್‌ಪಿ550-2, ಹೊರಬಂತು. 250 ಕಾರು, ಪ್ರತಿಯೊಂದರ ಮೇಲೂ ಅವನ ಹೆಸರು. ಹೆಸರಿನ ಕೊನೆಯ ಅಂಕಿ ಎಷ್ಟು ಚಕ್ರಕ್ಕೆ ಶಕ್ತಿ ಎಂಬುದನ್ನು ಹೇಳುತ್ತದೆ. ನಾಲ್ಕು ಚಕ್ರದ್ದು ಎಲ್‌ಪಿ560-4. ತೂಕದಲ್ಲಿ ಉಳಿದದ್ದು 30 ಕೆಜಿ. ಮುಂದೆ ಗಲ್ಲಾರ್ಡೊ ಜಾಗಕ್ಕೆ ಹುರಾಕಾನ್ ಬಂದಾಗಲೂ ಅಷ್ಟೆ, 33 ಕೆಜಿ. ಒಬ್ಬ ಶಾಲಾ ಹುಡುಗನ ತೂಕ. ಹತ್ತಿಪ್ಪತ್ತು ಲೀಟರ್ ಪೆಟ್ರೋಲು ಕಡಿಮೆ ತುಂಬಿಸಿ, ಸೀಟು ಬದಲಿಸಿದರೂ ಇಷ್ಟು ಉಳಿಯುತ್ತದಲ್ಲ ಎಂದು ಕೇಳಬಹುದು. ಆದರೆ ಆ ತೂಕ ಹೋದದ್ದು ಮೂತಿಯಿಂದ. ಹುರಾಕಾನಿನಲ್ಲಿ ಮುಂದಿನ ಆಕ್ಸೆಲ್ಲಿನ ಮೇಲಿನ ಪಾಲು ನೂರಕ್ಕೆ 43ರಿಂದ 40ಕ್ಕೆ ಇಳಿಯಿತು. ಮುಂದಿನ ಟೈರುಗಳಿಗೆ ಇನ್ನು ತಿರುಗಿಸುವ, ನಿಲ್ಲಿಸುವ ಕೆಲಸ ಮಾತ್ರ.

ಆಡಿಯೂ ಕೊನೆಗೆ ಮಣಿಯಿತು. 2006ರಲ್ಲಿ ತೋರಿಸಿದ ಆರ್8 ಕ್ವಾಟ್ರೋ ಹೆಸರಿನಲ್ಲೇ ಮಾರಾಟವಾಯಿತು. 2009ರ ರೇಸಿಂಗ್ ರೂಪ ಆರ್8 ಎಲ್‌ಎಂಎಸ್‌ಗೆ ಹಿಂದಿನ ಚಕ್ರ ಮಾತ್ರ. 2012ರಲ್ಲಿ ಅದು ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆಯ ಪಂದ್ಯ ಗೆದ್ದಿತು. 2017ರಲ್ಲಿ ಹಿಂಚಕ್ರದ ಆರ್8 ಆರ್‌ಡಬ್ಲ್ಯುಎಸ್ ಎಂಬ 999 ರಸ್ತೆ ಕಾರುಗಳು ಬಂದವು, ನಾಲ್ಕು ಚಕ್ರದ ಕೂಪೆಗಿಂತ 50 ಕೆಜಿ ಹಗುರ. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಮರ್ಸಿಡಿಸ್-ಎಎಂಜಿ ಹತ್ತಿ ಡಿಟಿಎಂಗೆ ಇಳಿದಾಗ ಆ ಸರಣಿ ಜಿಟಿ3 ನಿಯಮಕ್ಕೆ ಬದಲಾಗಿತ್ತು. ಮೂವತ್ತು ವರ್ಷದ ಹಿಂದೆ ಕ್ವಾಟ್ರೋ ಬಲದಲ್ಲಿ ಆಡಿ ಎರಡು ಸಲ ಗೆದ್ದ ಅದೇ ಡಿಟಿಎಂನಲ್ಲಿ ಅವನ ಎದುರಾಳಿಗಳು ಓಡಿಸುತ್ತಿದ್ದ ಆಡಿಗಳಿಗೂ ಲ್ಯಾಂಬೋರ್ಗಿನಿಗಳಿಗೂ ಮುಂದಿನ ಶಾಫ್ಟು ಇರಲಿಲ್ಲ.

ಇಷ್ಟೆಲ್ಲ ಕಾರ್ಖಾನೆಯವರ ಪುರಾಣ. ಖಾಸಗಿ ಗ್ಯಾರೇಜಿನಲ್ಲಿ ಇದೇ ಕೆಲಸದ ವೈಖರಿ ಬೇರೆ. ಆರ್32 ಜಿಟಿ-ಆರ್‌ನಲ್ಲಿ ಅತಿ ಸುಲಭದ ದಾರಿ ಅಟೆಸಾದ ಫ್ಯೂಸ್ ಕೀಳುವುದು. ಕ್ಲಚ್ಚಿಗೆ ಒತ್ತಡ ಹೋಗುವುದಿಲ್ಲ, ಕಾರು ಹಿಂಚಕ್ರದ್ದಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿರುತ್ತದೆ ಅಷ್ಟೆ. ಎರಡು ಚಕ್ರದ ರೋಲರಿನ ಮೇಲೆ ಎಂಜಿನ್ನಿನ ಶಕ್ತಿ ಅಳೆಯಬೇಕಾದಾಗ ಮೆಕ್ಯಾನಿಕ್ಕುಗಳು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚುತ್ತಿದ್ದರು. ಹಾಗೆ ಬಿಚ್ಚಿದ ಮೇಲೆ ಒಂದು ಸುತ್ತು ಓಡಿಸಿ ನೋಡಿದವರಲ್ಲಿ ಕೆಲವರಿಗೆ ಮತ್ತೆ ಜೋಡಿಸುವ ಮನಸ್ಸಾಗಲಿಲ್ಲ.

ಸುಬಾರು ಇಂಪ್ರೆಝಾ ಇಷ್ಟು ಸಲೀಸಲ್ಲ. ಅದರ ಮುಂದಿನ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇದೆ, ನಡುವಿನ ಡಿಫರೆನ್ಷಿಯಲ್ ಅದರ ಹಿಂದೆ. ಮುಂದಿನ ಆಕ್ಸೆಲ್ ಶಾಫ್ಟುಗಳನ್ನು ಸುಮ್ಮನೆ ತೆಗೆದರೆ, ಸಲೀಸು ಸಿಕ್ಕ ಕಡೆಗೆ ಶಕ್ತಿ ಓಡುತ್ತದೆ. ಖಾಲಿ ತಿರುಗುವ ಮುಂಭಾಗಕ್ಕೇ ಎಲ್ಲ ಹರಿದು ಕಾರು ಕದಲುವುದಿಲ್ಲ, ಕದಲಿದರೂ ನಡುವಿನ ವಿಸ್ಕಸ್ ಕಪ್ಲಿಂಗ್ ಕಾದು ಸಾಯುತ್ತದೆ. ಅದಕ್ಕೆ ನಡುವಿನ ಡಿಫರೆನ್ಷಿಯಲ್ಲನ್ನು ವೆಲ್ಡಿಂಗ್ ಮಾಡಿ ಬಿಗಿಯಬೇಕು, ಇಲ್ಲವೇ ಅದರ ಜಾಗದಲ್ಲಿ ಗಟ್ಟಿ ತುಂಡೊಂದನ್ನು ಕೂರಿಸಬೇಕು. ಇನ್ನೊಂದು ಮೋಸವಿದೆ. ಮುಂದಿನ ಚಕ್ರದ ಹಬ್ಬಿನ ಬೇರಿಂಗನ್ನು ಅದುಮಿ ಹಿಡಿದಿರುವುದು ಆಕ್ಸೆಲ್ ಶಾಫ್ಟಿನ ತುದಿಯ ಜಾಯಿಂಟು ಮತ್ತು ಅದರ ದೊಡ್ಡ ನಟ್ಟು. ಶಾಫ್ಟು ಬೇಡವೆಂದು ಪೂರ್ತಿ ಎಳೆದು ಹಾಕಿದರೆ ಬೇರಿಂಗು ಸಡಿಲಾಗಿ ಚಕ್ರವೇ ಅಲ್ಲಾಡುತ್ತದೆ. ತಿಳಿದವರು ಶಾಫ್ಟಿನ ನಡುಭಾಗ ತೆಗೆದು, ತುದಿಯ ಜಾಯಿಂಟನ್ನು ಖಾಲಿ ಬಟ್ಟಲಿನಂತೆ ಹಬ್ಬಿನಲ್ಲೇ ಬಿಡುತ್ತಾರೆ. ಎಂಜಿನ್ನು ಅಡ್ಡಲಾಗಿ ಕೂತಿರುವ ಮಿತ್ಸುಬಿಷಿ ಎವೊ ಕಾರಿನ ಪಾಡು ಇದಕ್ಕಿಂತ ಕಷ್ಟದ್ದು.

ಇಷ್ಟು ಕಷ್ಟಪಟ್ಟರೆ ವೇಗ ಹೆಚ್ಚುತ್ತದೆಯೇ? ಬಹಳ ಸಲ ಇಲ್ಲ. ಟ್ರ್ಯಾಕಿನಲ್ಲಿ ಒಂದೇ ಸುತ್ತಿನ ಸಮಯಕ್ಕಾಗಿ ಹೋರಾಡುವ ಟೈಮ್ ಅಟ್ಯಾಕ್ ಪಂದ್ಯಗಳಲ್ಲಿ ನಾಲ್ಕು ಚಕ್ರದ ಕಾರುಗಳೇ ಮೆರೆದವು. ಎಚ್‌ಕೆಎಸ್ ಕಂಪನಿಯ ಸಿಟಿ230ಆರ್ ಎಂಬ ಎವೊ 2007ರಲ್ಲಿ ಜಪಾನಿನ ತ್ಸುಕುಬಾ ಟ್ರ್ಯಾಕನ್ನು 54 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಸುತ್ತಿ ಬೆರಗು ಹುಟ್ಟಿಸಿತು. ಅದನ್ನು ಓಡಿಸಿದ ನೊಬುತೆರು ತಾನಿಗುಚಿ 2001ರಲ್ಲಿ ಹಿಂಚಕ್ರದ ನಿಸ್ಸಾನ್ ಸಿಲ್ವಿಯಾದಲ್ಲಿ ಡಿ1 ಡ್ರಿಫ್ಟ್ ಸರಣಿಯ ಮೊದಲ ಚಾಂಪಿಯನ್ ಆದವನು. ಒಬ್ಬನೇ ಮನುಷ್ಯ, ಎರಡು ಆಟಕ್ಕೆ ಎರಡು ಬಗೆಯ ಕಾರು. ಯಾವುದು ಮೇಲು ಎಂಬ ಜಗಳಕ್ಕೆ ಅವನನ್ನು ಎಳೆಯುವುದರಲ್ಲಿ ಅರ್ಥವಿಲ್ಲ.

ಮನೆಯ ಗ್ಯಾರೇಜುಗಳಲ್ಲಿ ಸ್ಪ್ಯಾನರುಗಳಿಗೆ ನಿಜವಾಗಿ ಕೆಲಸ ಕೊಟ್ಟದ್ದು ಈ ಡ್ರಿಫ್ಟ್. ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಕಾರನ್ನು ಅಡ್ಡಡ್ಡ ಓಡಿಸಿ ಅಂಕ ಗಳಿಸುವ ಈ ಆಟದಲ್ಲಿ ಮುಂದಿನ ಚಕ್ರಗಳು ಎಳೆದರೆ ಆಟವೇ ಕೆಡುತ್ತದೆ. ಡಿ1ನಲ್ಲೂ 2004ರಲ್ಲಿ ಶುರುವಾದ ಅಮೆರಿಕದ ಫಾರ್ಮುಲಾ ಡ್ರಿಫ್ಟ್‌ನಲ್ಲೂ ಹಿಂಚಕ್ರವೇ ಕಡ್ಡಾಯ. ಜಪಾನಿನ ನೊಬುಶಿಗೆ ಕುಮಾಕುಬೊನ ಟೀಮ್ ಆರೆಂಜ್ ತಂಡ ಇಂಪ್ರೆಝಾ ಮತ್ತು ಎವೊಗಳನ್ನು ಹಿಂಚಕ್ರಕ್ಕೆ ಇಳಿಸಿ ಡ್ರಿಫ್ಟಿಗೆ ತಂದಿತು. ರ‍್ಯಾಲಿಯಲ್ಲಿ ಪರಸ್ಪರ ಜಿದ್ದಿಗೆ ಬಿದ್ದಿದ್ದ ಎರಡು ಕಾರುಗಳು ಒಂದೇ ಕಿತ್ತಳೆ ಬಣ್ಣ ಬಳಿದುಕೊಂಡು ಒಂದೇ ತಂಡದಲ್ಲಿ ಹೊಗೆ ಎಬ್ಬಿಸಿದವು. ದೈಗೊ ಸೈತೊ ಎಂಬ ಚಾಲಕ ಲ್ಯಾಂಬೋರ್ಗಿನಿ ಮುರ್ಸಿಯೆಲಾಗೊದ ಮುಂದಿನ ಚಾಲನೆ ಕಿತ್ತು, ವಿ12 ಎಂಜಿನ್ನಿನ ಆ ಕಾರನ್ನೂ ಅಡ್ಡಡ್ಡ ಓಡಿಸಿದ.

2016ರ ಏಪ್ರಿಲ್‌ನಲ್ಲಿ ಯುಎಇಯ ಫುಜೈರಾ ವಿಮಾನ ನಿಲ್ದಾಣದ ರನ್‌ವೇ ಮೇಲೆ ಮಸಾತೊ ಕವಾಬಾತ ಓಡಿಸಿದ ಜಿಟಿ-ಆರ್ ಗಂಟೆಗೆ 304.96 ಕಿಮೀ ವೇಗದಲ್ಲಿ, 30 ಡಿಗ್ರಿ ಓರೆಯಾಗಿ ಜಾರಿ ಗಿನ್ನೆಸ್ ದಾಖಲೆ ಮಾಡಿತು. 1,380 ಅಶ್ವಶಕ್ತಿಗೆ ಏರಿಸಿದ್ದ ಆ ಆರ್35ರ ಶಕ್ತಿಯೆಲ್ಲ ಹೋಗುತ್ತಿದ್ದದ್ದು ಹಿಂದಿನ ಚಕ್ರಗಳಿಗೆ. ದಾಖಲೆಗೆ ದುಡ್ಡು ಹಾಕಿದವರಲ್ಲಿ ನಿಸ್ಸಾನ್ ಕೂಡ ಇತ್ತು.

ಮಾರುಕಟ್ಟೆ ಇದನ್ನೆಲ್ಲ ನೋಡುತ್ತಿತ್ತು. 2017ರಲ್ಲಿ ಬಿಎಂಡಬ್ಲ್ಯು ತನ್ನ ಎಂ5ಗೆ ಮೊದಲ ಸಲ ನಾಲ್ಕು ಚಕ್ರದ ಚಾಲನೆ ಕೊಟ್ಟಿತು, ಜತೆಗೆ ಅದನ್ನು ಆರಿಸುವ ವ್ಯವಸ್ಥೆಯನ್ನೂ. ಪರದೆಯ ಮೇಲೆ '2ಡಬ್ಲ್ಯುಡಿ' ಒತ್ತಿದರೆ 600 ಅಶ್ವಶಕ್ತಿಯೂ ಹಿಂದಕ್ಕೆ. ಸಂಜೆ ಮಳೆ ಬಂದರೆ ಮತ್ತೆ ನಾಲ್ಕು ಚಕ್ರಕ್ಕೆ. ಜಿಟಿ-ಆರ್ ಮಾಲೀಕರು ಫ್ಯೂಸ್ ಕಿತ್ತು ಪಡೆದದ್ದು ಇಲ್ಲಿ ಕಾರಿನ ಬೆಲೆಯೊಳಗೇ ಸೇರಿತ್ತು. ಮರ್ಸಿಡಿಸ್ ಇ63 ಎಸ್ ಕೂಡ ಆ ಹೊತ್ತಿಗೇ ಇಂಥದೊಂದು ಡ್ರಿಫ್ಟ್ ಮೋಡ್ ತಂದಿತು. ಮುಂದಿನ ಶಾಫ್ಟಿನ ಭಾರ ಮಾತ್ರ ಗುಂಡಿ ಒತ್ತಿದರೆ ಇಳಿಯುವುದಿಲ್ಲ. ಟ್ರ್ಯಾಕಿಗೆ ಹೋಗುವವರು ಸ್ಪ್ಯಾನರು ಹಿಡಿಯುವುದು ಅದಕ್ಕೇ ನಿಂತಿಲ್ಲ.

ಈಗಿನ ಕಾರುಗಳಲ್ಲಿ ಕೀಳಬೇಕಾದ ಸಾಮಾನು ಬೇರೆ ಬಗೆಯದು. ಹುರಾಕಾನ್ ನಂತರ 2024ರಲ್ಲಿ ಬಂದ ಲ್ಯಾಂಬೋರ್ಗಿನಿ ತೆಮೆರಾರಿಯೊದಲ್ಲಿ ಮುಂದಿನ ಚಕ್ರಗಳಿಗೆ ಹಿಂದಿನಿಂದ ಶಾಫ್ಟು ಬರುವುದೇ ಇಲ್ಲ. ನಾಲ್ಕು ಲೀಟರಿನ ವಿ8 ಹಿಂದೆ, ಮುಂದಿನ ಆಕ್ಸೆಲ್ಲಿಗೆ ಎರಡು ವಿದ್ಯುತ್ ಮೋಟಾರು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇನ್ನೊಂದು. ಒಟ್ಟು 920 ಅಶ್ವಶಕ್ತಿ. 2025ರ ಜುಲೈನಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಅದರ ಜಿಟಿ3 ರೂಪ ತೋರಿಸಿದರು. ಮೂರು ಮೋಟಾರುಗಳನ್ನೂ ಬ್ಯಾಟರಿಯನ್ನೂ ತೆಗೆದಿದ್ದರು. ಉಳಿದದ್ದು ವಿ8 ಎಂಜಿನ್ನು ಮತ್ತು ಹಿಂದಿನ ಎರಡು ಚಕ್ರ.